ಹಾಲು ಕೊಡೋ ಅಕ್ಕ

ಒಂದು ಜಡೆ ಹೆಣೆದಾಗಿತ್ತು. ಇನ್ನೊಂದು ಕಡೆಯ ಕೂದಲನ್ನು ಬಾಚಿ ಮೂರು ಪಾಲು ಮಾಡಿ, ರಿಬ್ಬನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು ವಿಜಯಕುಮಾರಿ ಇನ್ನೇನು ಹೆಣೆಯಬೇಕು, ಮಗಳು ತಲೆಯನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದು ನಿಂತಳು.

“ಏನ್ ಸಾಮಿ, ಎಳೆದುಬಿಟ್ಟೆನಾ?” ಮಗಳನ್ನು ಅವಳು ಮುದ್ದಿಗೆ ಕರೆಯುವುದೇ ಸಾಮಿ ಎಂದು.

ಅಭಿನಯಾ ಇಲ್ಲವೆಂದು ತಲೆಯಾಡಿಸಿದಳು. “ಬೀದಿ ನಲ್ಲೀಲಿ ನೀರು ಬಂತು. ಪಕ್ಕದ್ಮನೆ ಅವ್ವನ ಕೊಡ ತುಂಬಿಸ್ಬೇಕು. ಅವ್ವಂಗೆ ಮೊಣಕಾಲು ಬಗ್ಗಲ್ಲ.”

“ನಾನು ತುಂಬಿಸಿಕೊಡ್ತೀನಿ. ನೀನು ಕೂತ್ಕೋ, ಸ್ಕೂಲಿಗೆ ಹೊತ್ತಾಗುತ್ತೆ.”

“ಬೇಡ. ನಾನೇ ಮಾಡ್ಬೇಕು.” ಬಾಗಿಲ ತನಕ ಹೋದವಳು ತಿರುಗಿ ನಿಂತು ಕೇಳಿದಳು: “ಹೋಗ್ಲಾ?”

ಆ ಒಂದು ಮಾತು ವಿಜಯಕುಮಾರಿಯ ಎದೆಗೆ ಮುಳ್ಳಿನ ಹಾಗೆ ನಾಟಿತು. ಪಕ್ಕದ ಮನೆಗೆ ಹೋಗಲು ಈ ಹುಡುಗಿ ಯಾವತ್ತು ಅಪ್ಪಣೆ ಕೇಳಿದ್ದಳು? ಬೆಕ್ಕಿನ ಮರಿಯ ಹಾಗೆ ಎರಡು ಮನೆಯಲ್ಲೂ ಓಡಾಡಿಕೊಂಡಿದ್ದವಳು. ಈಗೀಗ ಎಲ್ಲದಕ್ಕೂ ಕೇಳುತ್ತಾಳೆ. ಇನ್ನೊಂದು ಇಡ್ಲಿ ಹಾಕ್ಕೊಳ್ಳಲಾ? ಫ್ಯಾನ್ ಹಾಕ್ಲಾ? ಇಲ್ಲಿ ಮಲಗ್ಲಾ? ನೆಂಟರ ಮನೆಗೆ ಬಂದ ಮಗು ಕೇಳುವ ಹಾಗೆ, ಬೇಡ ಅಂದರೆ ಸುಮ್ಮನಾಗಿಬಿಡುವ ಹಾಗೆ.

ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚಿದ ಕೂದಲು. ಹಾಗೇ ಅವಳು ಬೀದಿಗೆ ಇಳಿದಳು.

ಒಳಗೆ ಗುಂಡಿಮಗ್ಗದಲ್ಲಿ ಮುರುಗೇಶನ್ ಸೀರೆಯ ಅಂಚು ಹಿಡಿದು ನೇಯುತ್ತಿದ್ದ. ನೆಗಮಂ ಹತ್ತಿ ಸೀರೆ ಅಂದರೆ ಕೊಯಮತ್ತೂರಿನ ಗಾಂಧಿಪುರಂ ಅಂಗಡಿಗಳಲ್ಲಿ ಈಗಲೂ ಕೇಳಿ ತೆಗೆದುಕೊಳ್ಳುವವರಿದ್ದಾರೆ; ಆ ಮನೆ ನಡೆಯುತ್ತಿದ್ದುದು ಅದರಿಂದಲೇ. ಹೆಂಡತಿ ಬಂದು ಮಗ್ಗದ ಕಂಬಕ್ಕೆ ಒರಗಿ ನಿಂತದ್ದು ಕಂಡರೂ ಅವನು ತಲೆ ಎತ್ತಲಿಲ್ಲ.

“ನೋಡಿದ್ರಾ?”

“ಏನು ನೋಡೋದು? ಮುದುಕಿಗೆ ನೀರು ಹಿಡಿದುಕೊಟ್ರೆ ಪುಣ್ಯ ತಾನೆ? ಬಿಡು.”

“ನನ್ನ ಏನಂತ ಕರೀತಾಳೆ, ಹೇಳಿ ನೋಡೋಣ.”

“ಇದೇನು ಕೇಳೋ ಮಾತಾ? ಅಕ್ಕ ಅಂತಾಳೆ.”

“ಈಗ ಅದೂ ಇಲ್ಲ. ಏನೂ ಅನ್ನಲ್ಲ. ಏನಾದ್ರೂ ಬೇಕಾದ್ರೆ ಎದುರಿಗೆ ಬಂದು ನಿಲ್ತಾಳೆ. ನಾನು ತಿರುಗಿ ನೋಡೋ ತನಕ ಕಾಯ್ತಾಳೆ.”

ಲಾಳಿ ಅವನ ಕೈಯಲ್ಲೇ ನಿಂತಿತು. “ಅಂಗಮ್ಮ ಊರು ಬಿಡೋ ಸಂಕಟ ಇರ್ಬೇಕು, ಮಗೂಗೆ,” ಅಂದ. ಆದರೆ ಆ ಮಾತಿನ ಮೇಲೆ ಅವನಿಗೇ ನಂಬಿಕೆ ಇದ್ದ ಹಾಗೆ ಕಾಣಲಿಲ್ಲ.

ಅಂಗಮ್ಮ ಪಕ್ಕದ ಮನೆಯ ವಿಧವೆ. ತೆಲುಗು ಮಾತಿನವಳು. ಹೆತ್ತ ಮಕ್ಕಳೆಲ್ಲ ಉಳಿದು, ಬೆಳೆದು, ಬೇರೆ ಬೇರೆ ಊರು ಸೇರಿದ್ದರು. ಬೀದಿಯ ಮಕ್ಕಳೆಲ್ಲ ಅವಳನ್ನು ಅವ್ವ ಎನ್ನುತ್ತಿದ್ದವು. ತೆಲುಗಿನಲ್ಲಿ ಅದು ಅಜ್ಜಿ. ಎಷ್ಟೋ ತಲೆಮಾರಿನಿಂದ ಈ ತಮಿಳು ಸೀಮೆಯಲ್ಲೇ ಇದ್ದ ವಿಜಯಕುಮಾರಿಯ ಕನ್ನಡದ ಮನೆಯಲ್ಲೂ ಅಜ್ಜಿಗೆ ಹಾಗೇ ಅನ್ನುವುದು ರೂಢಿ. ತಮಿಳು ಮಕ್ಕಳಂತೂ ಅವಳ ಹೆಸರೇ ಅವ್ವ ಎಂದು ತಿಳಿದಿದ್ದವು. ಮೂರು ಭಾಷೆಯ ಮಕ್ಕಳಲ್ಲಿ ಯಾರು ಹಾಗೆ ಕೂಗಿದರೂ ಮುದುಕಿ ಓ ಎನ್ನುತ್ತಿದ್ದಳು, ಸೆರಗಿನಿಂದ ಒಂದು ಪುರಿ ಉಂಡೆ ತೆಗೆದು ಕೊಡುತ್ತಿದ್ದಳು. ಅಲ್ಲಿಗೆ ಆ ಮಾತಿನ ಬಗ್ಗೆ ಯಾರಿಗೂ ಯಾವ ಜಗಳವೂ ಇರಲಿಲ್ಲ.

ಜಗಳ ಅಂತ ಆಮೇಲೂ ಆಗಲಿಲ್ಲ. ನೀಲವ್ವ ಬಂದಳು, ಅಷ್ಟೆ.

ನೀಲವ್ವ ಗದಗದ ಕಡೆಯವಳು. ಅವಳ ಗಂಡನಿಗೆ ತೆಂಗಿನ ನಾರಿನ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ, ಮಳೆಗಾಲ ಮುಗಿಯುವ ಹೊತ್ತಿಗೆ ಬೀದಿಯ ಕೊನೆಯ ಮನೆಗೆ ಬಾಡಿಗೆಗೆ ಬಂದಿದ್ದರು. ತಮಿಳು ಬಾರದೆ ಬಾಯಿ ಕಟ್ಟಿಕೊಂಡು ಕೂತಿದ್ದ ಹೆಂಗಸು ಒಂದು ಸಂಜೆ ನಲ್ಲಿಯ ಹತ್ತಿರ ವಿಜಯಕುಮಾರಿ ಮಗಳನ್ನು ಗದರಿಸುವುದನ್ನು ಕೇಳಿಸಿಕೊಂಡು ಕೊಡ ಅಲ್ಲೇ ಇಳಿಸಿದಳು.

“ಯವ್ವಾ! ನೀವು ಕನ್ನಡದವರೇನ್ರೀ? ಯಾವೂರಿನವರು?”

“ಇದೇ ಊರು.”

“ಅಲ್ರೀ, ಮೊದಲ?”

“ಮೊದಲೂ ಇದೇ ಊರು.”

“ಮತ್ತ ಕನ್ನಡ ಹೆಂಗ ಬಂತು?”

“ಅದು ನಮ್ಮ ಕೂಡೇ ಬಂತು,” ಅಂದಳು ವಿಜಯಕುಮಾರಿ. ಇಬ್ಬರೂ ನಕ್ಕರು. ಆಡುವ ಮಾತು ಅರ್ಧಕ್ಕರ್ಧ ಒಬ್ಬರದು ಒಬ್ಬರಿಗೆ ತಿಳಿಯದಿದ್ದರೂ ಸ್ನೇಹ ಬೆಳೆಯಿತು.

ಆ ಸ್ನೇಹದಲ್ಲೇ ಒಂದು ದಿನ ಅಂಗಮ್ಮನ ಮನೆಯ ಮುಂದಿನ ತಿಣ್ಣೆಯ ಮೇಲೆ ಎಲ್ಲರೂ ಕೂತಿದ್ದರು. ಅಂಗಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಸ್ಕೂಲಿನಿಂದ ಬಂದ ಅಭಿನಯಾಳನ್ನು ನೀಲವ್ವ ಹತ್ತಿರ ಕರೆದಳು.

“ಬಾರವ್ವ ಇಲ್ಲಿ. ನಿಮ್ಮವ್ವ ಚಹಾ ಕೊಟ್ಟಳೋ ಇಲ್ಲೋ?”

ಅಭಿನಯಾ ಅಂಗಮ್ಮನ ಕಡೆ ಬೆರಳು ಮಾಡಿದಳು. “ಅವ್ವ ಇಲ್ಲೇ ಕೂತಿದ್ದಾರಲ್ಲ.”

“ಯಪ್ಪಾ, ಈ ವಯಸ್ಸಿನಾಗ ಈಕಿ ನಿನ್ನ ಹಡೆದಾಳೇನು!” ನೀಲವ್ವ ಕೆನ್ನೆಗೆ ಕೈ ಇಟ್ಟುಕೊಂಡಳು. “ಹಂಗಾದ್ರ ಇವರು ಯಾರು?”

“ಅಕ್ಕ.”

“ಕೇಳಿದ್ರೇನ್ರೀ! ನಮ್ಮ ಕಡೆ ಅವ್ವ ಅಂದ್ರ ಹಡೆದಾಕಿ. ಬ್ಯಾರೆ ಯಾರಿಗೂ ಅನ್ನಂಗಿಲ್ಲ.”

“ನನ್ನನ್ನೂ ಬಾರವ್ವ ಅಂದ್ರಲ್ಲ?” ಅಂದಳು ಅಭಿನಯಾ.

“ಅದು ಮುದ್ದಿಗೆ. ಇದು ಖರೇ ಅವ್ವ.”

ಅಂಗಮ್ಮನಿಗೆ ಹುರುಪು ಬಂತು. ಬೊಚ್ಚುಬಾಯಿ ತುಂಬ ನಗುತ್ತ, “ಆಮಾ, ಹೌದು ಮತ್ತೆ, ನನ್ನದೇ ಪಾಪು ಇದು! ತೌಡು ಅಳೆದು ಕೊಟ್ಟು ಕೊಂಡ್ಕೊಂಡಿದ್ದು. ಬೇಕಾದ್ರೆ ಕೇಳು ಅವಳನ್ನ!” ಅಂದು ವಿಜಯಕುಮಾರಿಯನ್ನು ತೋರಿಸಿದಳು.

ಈ ಸೀಮೆಯಲ್ಲಿ ಮಕ್ಕಳನ್ನು ಅಳಿಸಲು ದೊಡ್ಡವರು ಹೇಳುವ ಹಳೆಯ ಮಾತು ಅದು. ನಿನ್ನ ಹೆತ್ತಿಲ್ಲ, ತೌಡಿಗೆ ಕೊಂಡಿದ್ದು. ಕೇಳಿಸಿಕೊಳ್ಳದೆ ಬೆಳೆದ ಮಗುವೇ ಇಲ್ಲ. ಮಗು ಮುಖ ಸಣ್ಣಗೆ ಮಾಡಿ ತಾಯಿಯ ಕಡೆ ನೋಡುತ್ತದೆ, ತಾಯಿ ಫಕ್ಕನೆ ನಗುತ್ತಾಳೆ, ಮಗುವೂ ನಗುತ್ತದೆ. ಆಟ ಮುಗಿಯುತ್ತದೆ.

ಅಭಿನಯಾ ತಾಯಿಯ ಕಡೆ ನೋಡಿದಳು. ವಿಜಯಕುಮಾರಿಗೆ ನಗು ಬರಲಿಲ್ಲ.

ಬರುವುದು ಹೇಗೆ? ಬೇರೆಯವರ ಮನೆಯಲ್ಲಿ ಆಟವಾದ ಮಾತು ಈ ಮನೆಯಲ್ಲಿ ನಡೆದದ್ದೇ ಆಗಿತ್ತು.

ಅಭಿನಯಾಳಿಗಿಂತ ಮೊದಲು ಅವಳಿಗೆ ಇಬ್ಬರು ಹುಟ್ಟಿದ್ದರು. ಒಂದಕ್ಕೆ ಹೆಸರಿಡುವ ಮೊದಲೇ ಹೋಯಿತು. ಇನ್ನೊಂದು ಅಂಬೆಗಾಲಿಟ್ಟು ಮಗ್ಗದ ಗುಂಡಿಯ ತನಕ ಬಂದು, ನೂಲಿನ ಉಂಡೆ ಹಿಡಿದು ಆಡುವಷ್ಟಾಗಿ, ಜ್ವರ ಬಂದು ಹೋಯಿತು. ಮೂರನೆಯದು ಹುಟ್ಟಿದ ದಿನವೇ ಅತ್ತೆ ಕಮಲಾತಾಳ್ ತೀರ್ಮಾನ ಮಾಡಿದಳು. “ಈ ಹೊಟ್ಟೇಲಿ ಹುಟ್ಟಿದ್ದು ಅಂತ ಗೊತ್ತಾದ್ರೆ ತಾನೆ ಆ ಸಾವು ಹುಡುಕ್ಕೊಂಡು ಬರೋದು? ಇದು ನಮ್ಮದಲ್ಲ. ಮಾರಿಬಿಡೋಣ.”

ಹಳೆಯವರು ಮಾಡುತ್ತಿದ್ದ ಶಾಸ್ತ್ರ. ಕೂಸನ್ನು ಮೊರದಲ್ಲಿ ಮಲಗಿಸಿ ಹಿತ್ತಲ ಬಾಗಿಲ ಹೊರಗೆ ಇಟ್ಟರು. ಹೆತ್ತದ್ದೆಲ್ಲ ಉಳಿದ ಹೊಟ್ಟೆ ಅಂಗಮ್ಮನದು, ಅವಳೇ ಬಂದು, ದಾರಿಹೋಕಳ ಹಾಗೆ ಕೂಗಿದಳು: “ಯಾರಮ್ಮಾ, ಈ ಕೂಸು ಯಾರಿಗೂ ಬೇಡವಾ?” ಬೇಡ, ತೌಡಿದ್ದರೆ ಕೊಟ್ಟು ಎತ್ತಿಕೊಂಡು ಹೋಗು ಅಂದಳು ಅತ್ತೆ. ಒಂದು ಪಡಿ ತೌಡು ಈ ಮನೆಗೆ ಬಂತು. ಕೂಸು ಆ ಮನೆಗೆ ಹೋಯಿತು. ಗೋಡೆಯ ಆಚೆ ಅದು ಅಳುವುದು ಕೇಳುತ್ತಿತ್ತು. ವಿಜಯಕುಮಾರಿಯ ರವಿಕೆ ಒದ್ದೆಯಾಗಿತ್ತು. ಏಳಬೇಡ ಎಂದು ಅತ್ತೆ ಭುಜ ಅದುಮಿ ಹಿಡಿದಿದ್ದಳು. ಕೊನೆಗೆ ಅಂಗಮ್ಮನೇ ಕೂಗಿದಳು: “ನನಗೆ ಹಾಲಿಲ್ಲ. ಹಾಲು ಕೊಡೋ ಅಕ್ಕ ಯಾರಾದ್ರೂ ಇದ್ರೆ ಬನ್ನಿ.”

ಆಗ ಅವಳು ಎದ್ದು ಹೋದಳು, ತನ್ನ ಕೂಸಿಗೆ ತಾನೇ ಹಾಲು ಕೊಡುವ ಅಕ್ಕನಾಗಿ. ಸಂಜೆಗೆ ಕೂಸು ಅವಳ ಮಡಿಲಲ್ಲೇ ಮನೆಗೆ ಬಂತು. ಆದರೆ ಅಮ್ಮ ಎಂದು ಅದು ಅವಳನ್ನು ಕರೆಯಕೂಡದು ಎಂದು ಅತ್ತೆ ಕಟ್ಟು ಮಾಡಿದಳು. ಮಗುವಿಗೆ ಮಾತು ಬಂದಾಗ ಅದು ಅಕ್ಕ ಎಂದೇ ಕಲಿಯಿತು. ಅಮ್ಮನನ್ನು ಅಕ್ಕ ಎನ್ನುವ ಮನೆಗಳು ಬೀದಿಯಲ್ಲಿ ಇನ್ನೂ ಇದ್ದವು. ಕೂಡುಕುಟುಂಬದ ಹಳೆಯ ರೂಢಿ. ಯಾರೂ ಯಾಕೆ ಎಂದು ಕೇಳಲಿಲ್ಲ.

ಶಾಸ್ತ್ರಕ್ಕೆ ಇನ್ನೊಂದು ಅರ್ಧ ಇತ್ತು. ಮಗು ಗಟ್ಟಿಯಾದ ಮೇಲೆ, ಕುಲದೇವರಿಗೆ ಮುಡಿ ಕೊಟ್ಟು, ತೌಡು ಬೆಲ್ಲ ಹೊಸ ಬಟ್ಟೆ ಕೊಟ್ಟು ವಾಪಸ್ ಕೊಂಡುಕೊಳ್ಳಬೇಕು. ಅಷ್ಟರಲ್ಲಿ ಅತ್ತೆ ತೀರಿಕೊಂಡಳು. ಆಮೇಲೆ ಮುರುಗೇಶನ್ ಪ್ರತಿ ವರ್ಷ ಸಂಕ್ರಾಂತಿಯ ತೈ ತಿಂಗಳು ಬಂದಾಗ ನೆನಪು ಮಾಡುತ್ತಿದ್ದ. ವಿಜಯಕುಮಾರಿಗೆ ಪ್ರತಿ ವರ್ಷ ಒಂದು ನೆಪ ಸಿಗುತ್ತಿತ್ತು. ಮಗುವಿಗೆ ಶೀತ. ಮಗ್ಗದ ಮೇಲೆ ಹಾಸು ಅರ್ಧಕ್ಕಿದೆ. ಬೀದಿಯಲ್ಲಿ ಸಾವಾಗಿದೆ. ನಿಜವೆಂದರೆ ಅವಳಿಗೆ ಕೈ ಬರುತ್ತಿರಲಿಲ್ಲ. ಬೇರೆಯವರ ಮಗು ಎಂದು ತಾನೆ ಇದು ಉಳಿದದ್ದು? ನನ್ನದು ಎಂದು ಬಾಯಿಬಿಟ್ಟು ಹೇಳಿದ ಗಳಿಗೆಯಲ್ಲಿ ಯಾರಿಗಾದರೂ ಕೇಳಿಸಿಬಿಟ್ಟರೆ? ಇದು ಮೂಢತನ ಎಂದು ಅವಳಿಗೂ ಗೊತ್ತಿತ್ತು. ಇಬ್ಬರನ್ನು ಮಣ್ಣಿಗೆ ಕೊಟ್ಟವಳಿಗೆ ಗೊತ್ತಿರುವುದರಿಂದ ಏನು ಪ್ರಯೋಜನ?

ಅಂದು ತಿಣ್ಣೆಯ ಮೇಲೆ ಎಲ್ಲರೂ ನಕ್ಕರು. ನಗದ ಒಂದು ಮುಖವನ್ನು ಅಭಿನಯಾ ನೋಡಿ ಇಟ್ಟುಕೊಂಡಳು.

ಆಮೇಲೆ ಶುರುವಾದದ್ದು ಈ ಹೋಗ್ಲಾ, ಬರ್ಲಾ. ಕನ್ನಡಿಯ ಮುಂದೆ ನಿಂತು ಮೂಗು ಯಾರ ಹಾಗಿದೆ ಎಂದು ಸವರಿ ನೋಡಿಕೊಳ್ಳುವುದು. ತಿಂಡಿ ಕೊಟ್ಟರೆ ಮೊದಲು ಅಂಗಮ್ಮನಿಗೆ ಒಂದು ಪಾಲು ಒಯ್ಯುವುದು. ವಿಜಯಕುಮಾರಿ ಕಾದಳು. ಮಗು ಕೇಳಲಿ, ಕೇಳಿದರೆ ಹೇಳೋಣ ಎಂದುಕೊಂಡಳು. ಅನ್ನ ಬಸಿಯುವಾಗ, ರಾಟೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುವಾಗ, ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ಕೆಲವೊಮ್ಮೆ ತಾನೇ ಶುರುಮಾಡಲೂ ನೋಡಿದ್ದಳು. “ಸಾಮಿ, ನಿಂಗೆ ಏನಾದ್ರೂ ಕೇಳ್ಬೇಕು ಅಂತ ಇದೆಯಾ?” “ಇಲ್ಲ,” ಎಂದು ಹುಡುಗಿ ಪುಸ್ತಕದ ಹಿಂದೆ ಮುಖ ಇಟ್ಟುಕೊಳ್ಳುತ್ತಿದ್ದಳು. ಬಾಯಿ ಬಿಡದಿರುವುದರಲ್ಲಿ ಮಗಳು ತನ್ನನ್ನೇ ಹೋಲುತ್ತಾಳೆ ಎಂದು ಅವಳಿಗೆ ಆಗ ಹೊಳೆಯದೆ ಇರಲಿಲ್ಲ.

ಅದರ ನಡುವೆ ಅಂಗಮ್ಮನ ಮಗ ದಿವಾಕರ್ ಬಂದು, ಇನ್ನು ಒಬ್ಬಳೇ ಇರಬೇಡ, ಕೊಯಮತ್ತೂರಿಗೆ ಬಂದುಬಿಡು ಎಂದು ತಾಯಿಯ ಹತ್ತಿರ ಹಟ ಹಿಡಿದ. ಅವನಿಗೆ ಗಾಂಧಿಪುರಂ ಬಟ್ಟೆ ಅಂಗಡಿಯಲ್ಲಿ ಕೆಲಸ. ಸಾಮಾನು ಕಟ್ಟಿಡು, ಬುಧವಾರ ವ್ಯಾನ್ ತರುತ್ತೇನೆ ಎಂದು ಹೇಳಿಹೋಗಿದ್ದ. ಆ ಬುಧವಾರ ನಾಳೆ.

ಸಂಜೆ ವಿಜಯಕುಮಾರಿ ರಾಟೆಯ ಮುಂದೆ ಕೂತಿದ್ದಳು. ಅಭಿನಯಾ ಸ್ಕೂಲಿನಿಂದ ಬಂದಳು, ಕಾಲು ತೊಳೆದಳು, ಒಳಗೆ ಹೋದಳು, ಬಹಳ ಹೊತ್ತಿನ ಮೇಲೆ ಹೊರಗೆ ಹೋದಳು. ಎದ್ದು ದೀಪ ಹಾಕಲು ಒಳಕೋಣೆಗೆ ಹೋದಾಗ ಗೂಡಿನಲ್ಲಿ ಮಗಳ ಬಟ್ಟೆಯ ಜಾಗ ಖಾಲಿಯಾಗಿತ್ತು. ದೀಪಾವಳಿಗೆ ಹೊಲಿಸಿದ ಹೊಸ ಫ್ರಾಕ್ ಒಂದು ಮಾತ್ರ ಮಡಿಚಿದ ಹಾಗೇ ಉಳಿದಿತ್ತು.

ಅವಳು ಓಡಿ ಹೊರಗೆ ಬಂದಳು. ಅಂಗಮ್ಮನ ತಿಣ್ಣೆಯ ಮೇಲೆ ಕಟ್ಟಿಟ್ಟ ಪಾತ್ರೆ ಮೂಟೆ, ಸುತ್ತಿಟ್ಟ ಚಾಪೆ, ಟ್ರಂಕು. ಟ್ರಂಕಿನ ಪಕ್ಕದಲ್ಲಿ ಉಬ್ಬಿದ ಸ್ಕೂಲ್ ಬ್ಯಾಗ್ ಮಡಿಲಲ್ಲಿ ಇಟ್ಟುಕೊಂಡು ಅಭಿನಯಾ ಕೂತಿದ್ದಳು, ತಾನೂ ಒಂದು ಸಾಮಾನಿನ ಹಾಗೆ.

“ಬ್ಯಾಗಲ್ಲಿ ಏನು ಸಾಮಿ?”

“ಬಟ್ಟೆ.”

“ಬಟ್ಟೆ ಯಾಕೆ?”

“ನಾಳೆ ವ್ಯಾನ್ ಬರುತ್ತಲ್ಲ.”

“ಅದು ಅವ್ವಂಗೆ ಬರೋದು.”

“ಅವ್ವಂದು ಒಂದೂ ಬಿಡಬಾರದು ಅಂತ ದಿವಾಕರ್ ಮಾಮ ಹೇಳಿದ್ರು.” ಅವಳ ದನಿಯಲ್ಲಿ ಅಳುವಿರಲಿಲ್ಲ. ಪಾಠ ಒಪ್ಪಿಸುವ ಹಾಗೆ ಹೇಳಿದಳು. “ಹೊಸ ಫ್ರಾಕ್ ಅಲ್ಲೇ ಇಟ್ಟಿದೀನಿ. ಅದು ನೀವು ಕೊಡಿಸಿದ್ದು.”

ನೀವು. ಹುಟ್ಟಿದಾಗಿನಿಂದ ನೀನು ಎನ್ನುತ್ತಿದ್ದ ಬಾಯಿಂದ ಆ ಮಾತು ಬಂದಿತ್ತು. ವಿಜಯಕುಮಾರಿ ತಿಣ್ಣೆಯ ಕಂಬ ಹಿಡಿದು ಕೂತಳು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಂಗಮ್ಮ ಎದೆಗೆ ಕೈ ಇಟ್ಟುಕೊಂಡಳು. “ಅಯ್ಯೋ ದೇವುಡಾ! ಪಾಪು, ನಾನು ಆಟಕ್ಕೆ ಅಂದದ್ದಲ್ವೇ?”

“ಆಟಕ್ಕಾ?” ಅಭಿನಯಾ ಅವಳ ಕಡೆ ತಿರುಗಿದಳು. “ತೌಡು ಕೊಟ್ಟಿರಲಿಲ್ವಾ?”

ಮುದುಕಿಗೆ ಸುಳ್ಳು ಹೇಳಲಾಗಲಿಲ್ಲ. ತನ್ನ ಸಿಟ್ಟನ್ನೆಲ್ಲ ವಿಜಯಕುಮಾರಿಯ ಮೇಲೆ ತಿರುಗಿಸಿದಳು. “ನಿಂಗೆ ಎಷ್ಟು ಸಾರಿ ಹೇಳಿದೆ ನಾನು? ಬಿಡಿಸ್ಕೋ, ಬಿಡಿಸ್ಕೋ ಅಂತ ಬಾಯಿ ಬಡ್ಕೊಂಡೆ! ನಾನು ಸತ್ತುಗಿತ್ತು ಹೋದ್ರೆ ಯಾರ ಹತ್ರ ಬಿಡಿಸ್ಕೊಳ್ತಿದ್ದೆ? ಎದ್ದೇಳು. ಮೊರ ತಗೋ, ನಿಮ್ಮ ಹಸುವಿಗೆ ಇಟ್ಟ ಮೂಟೆಯಿಂದ ಒಂದು ಪಡಿ ತೌಡು ತುಂಬಿಸ್ಕೊಂಡು ಬಾ. ಬೆಲ್ಲ ನನ್ನ ಹತ್ರ ಇದೆ. ಪೂಜಾರಿಯೂ ಬೇಡ, ಮುಡಿಯೂ ಬೇಡ. ಇಲ್ಲೇ, ಈಗಲೇ ಮುಗಿಸಿಬಿಡೋಣ.”

ಗದ್ದಲ ಕೇಳಿ ಮುರುಗೇಶನ್ ಮಗ್ಗ ಬಿಟ್ಟು ಬಂದಿದ್ದ. ಒಂದು ನೋಟಕ್ಕೆ ಅವನಿಗೆ ಎಲ್ಲ ತಿಳಿಯಿತು. “ಹೋಗು ವಿಜಯಾ,” ಅಂದ ಮೆತ್ತಗೆ.

ವಿಜಯಕುಮಾರಿ ಎದ್ದಳು. ಏಳುವಾಗ ಅವಳ ಕಣ್ಣ ಮುಂದೆ ಬಂದದ್ದು ಮಗ್ಗದ ಗುಂಡಿಯ ಅಂಚಿನಲ್ಲಿ ನೂಲಿನ ಉಂಡೆ ಹಿಡಿದು ಕೂತಿದ್ದ ಇನ್ನೊಂದು ಮಗು. ಆಮೇಲೆ ಅದರ ಸುಡುವ ಹಣೆ. ಅವಳು ನಿಂತುಬಿಟ್ಟಳು. ಬಾಯಿ ತನ್ನಷ್ಟಕ್ಕೆ ತಾನೇ ಆಡಿತು:

“ಇವತ್ತು ಮಂಗಳವಾರ. ಇವತ್ತು ಬೇಡ.”

ಆಡಿದ ಮೇಲೆ ಅದು ಅವಳ ಕಿವಿಗೂ ಕೇಳಿಸಿತು. ಅಂಗಮ್ಮ ಹಣೆ ಚಚ್ಚಿಕೊಂಡಳು. ಮುರುಗೇಶನ್ ಮುಖ ತಿರುಗಿಸಿದ. ನೀಲವ್ವನ ಮನೆಯ ಕಡೆಯಿಂದ ಅವಳ ಮಗು “ಅವ್ವಾ, ಅವ್ವಾ” ಎಂದು ರಾಗ ಎಳೆಯುತ್ತಿತ್ತು.

“ಸಾಮಿ,” ಎಂದು ವಿಜಯಕುಮಾರಿ ಮಗಳ ಹತ್ತಿರ ಹೋಗಿ ಮಂಡಿಯೂರಿ ಕೂತಳು. ಬ್ಯಾಗಿನ ಮೇಲಿದ್ದ ಆ ಸಣ್ಣ ಕೈಗಳನ್ನು ಹಿಡಿಯಲು ಹೋದಳು. ರಾಟೆಯ ಮುಂದೆ ಕೂತು ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ಹತ್ತಿರ ಸುಳಿಯಲಿಲ್ಲ. “ಸಾಮಿ, ಕೇಳು. ಕೇಳು ನನ್ನ. ಏನು ಬೇಕಾದ್ರೂ ಕೇಳು.”

ಅಭಿನಯಾ ಕೈ ಕೊಡಲಿಲ್ಲ. ಹಿಂದಕ್ಕೂ ಎಳೆದುಕೊಳ್ಳಲಿಲ್ಲ. ತಾಯಿಯ ಮುಖವನ್ನೇ ನೋಡುತ್ತ ಕೂತಳು, ಅಂದು ಎಲ್ಲರೂ ನಗುವಾಗ ನೋಡಿದ್ದ ಹಾಗೆ. ಇಷ್ಟು ದಿನ ಬಿಗಿಹಿಡಿದದ್ದು ಒಂದೇ ಸಲಕ್ಕೆ ಬಾಯಿಗೆ ಬಂತು.

“ನಮ್ಮನೇಲಿ ಮೂಟೆ ತುಂಬ ತೌಡಿದೆ. ಹಸುವಿಗೆ ದಿನಾ ಕಲಸಿ ಹಾಕ್ತೀಯ. ಮತ್ಯಾಕೆ ನೀನು ನನ್ನ ವಾಪಸ್ ತಗೊಳ್ಳಕ್ಕೆ ಬರಲೇ ಇಲ್ಲ?”